ಆರನೇ ಹಾಸಿಗೆಗೆ ನಾನು ಹೇಳಿದ ಬೊಂಡ

2009ರ ಜುಲೈ 14, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಕಿರಿಮಂಜೇಶ್ವರದ ಚಂದ್ರಣ್ಣ ಎಂಬ ಗದ್ದೆ ಕೆಲಸದವರನ್ನು ಕುಂದಾಪುರದ ನಮ್ಮ ಆಸ್ಪತ್ರೆಯ ಆರನೇ ಹಾಸಿಗೆಗೆ ದಾಖಲಿಸಿದ ಸಮಯವದು. ನಾನು ಎಂಬಿಬಿಎಸ್ ಮುಗಿಸಿ ಕೆಲಸಕ್ಕೆ ಸೇರಿ ಅಂದಿಗೆ ನಲವತ್ತನಾಲ್ಕು ದಿನ. ದಿನಚರಿ ಬರೆಯುವ ಅಭ್ಯಾಸವಿರುವುದರಿಂದ ಇಲ್ಲಿನ ತಾರೀಕು, ಗಂಟೆಗಳಲ್ಲಿ ತಪ್ಪಿಲ್ಲ. ತಪ್ಪಿದ್ದು ಬೇರೆ ಕಡೆ.

ಸೇರಿದ ದಿನ ನನಗೆ ಕೊಟ್ಟ ತರಬೇತಿ ಒಂದು ಗಂಟೆಯದು. ರಿಜಿಸ್ಟರ್ ಎಲ್ಲಿದೆ, ಆಕ್ಸಿಜನ್ ಎಲ್ಲಿದೆ, ಊಟ ಎಷ್ಟು ಹೊತ್ತಿಗೆ ಎಂದು ತೋರಿಸಿದರು. ಅನುಮಾನ ಬಂದರೆ ಫೋನ್ ಮಾಡು ಎಂದು ಹಿರಿಯ ವೈದ್ಯರು ಹೇಳಿದ್ದರು. ವಾರದಲ್ಲಿ ಮೂರು ದಿನ ಅವರು ಬೈಂದೂರಿನ ಕ್ಲಿನಿಕ್ಕಿನಲ್ಲಿರುತ್ತಿದ್ದರು. ಮೊದಲ ತಿಂಗಳು ನಾನು ಅವರಿಗೆ ಮಾಡಿದ ಫೋನ್ ಎರಡೇ. ದಡ್ಡಿ ಎಂದುಕೊಂಡಾರು ಎಂಬ ಹೆದರಿಕೆ.

ಚಂದ್ರಣ್ಣನಿಗೆ ಮೂವತ್ತೆಂಟು ವರ್ಷ. ಜ್ವರ, ಕೆಂಪು ಕಣ್ಣು, ಮೀನಖಂಡ ಮುಟ್ಟಿದರೆ ನೋವು. ಹಿರಿಯರು ಬಂದು ನೋಡಿ ಇಲಿಜ್ವರ ಎಂದು ಪೆನಿಸಿಲಿನ್ ಶುರು ಮಾಡಿಸಿದರು. ಅವರು ಹೋದ ಮೇಲೆ ಚಂದ್ರಣ್ಣನ ಹೆಂಡತಿ ಸುಜಾತ, ಕುಡಿಯಲು ಏನು ಕೊಡಲಿ ಎಂದು ನನ್ನನ್ನು ಕೇಳಿದಳು. ಬಸ್ರೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ಜ್ವರ ಎಂದರೆ ನಮ್ಮ ಮನೆಯಲ್ಲಿ ಮೊದಲು ಕೆತ್ತುವುದು ಬೊಂಡ, ಅಂದರೆ ಎಳನೀರು. ಯೋಚಿಸದೆ ಅದೇ ಬಾಯಿಗೆ ಬಂತು. ಬೊಂಡ ಚೆನ್ನಾಗಿ ಕುಡಿಸಿ ಎಂದೆ.

ಬುಧವಾರ ಅವರ ಮೂತ್ರ 700 ಮಿಲಿ. ಗುರುವಾರ 260. ಇಲಿಜ್ವರ ಕಿಡ್ನಿಗೆ ತಗಲಿರಬಹುದೆಂದು ಹಿರಿಯರು ಡ್ರಿಪ್ ಕಡಿಮೆ ಮಾಡಿಸಿ, ಕುಡಿಯುವ ನೀರನ್ನೂ ಅಳೆದು ಕೊಡಲು ಹೇಳಿ, ರಕ್ತವನ್ನು ಹೊರಗಿನ ಲ್ಯಾಬಿಗೆ ಕಳಿಸಿದರು. ವರದಿ ಮರುದಿನ ಸಂಜೆಗೆ. ನೀರು ಕಡಿಮೆ ಕೊಡಬೇಕೆಂದು ನಾನು ಸುಜಾತಳಿಗೆ ಎರಡು ಸಲ ಹೇಳಿದೆ. ಅವಳು ತಲೆಯಾಡಿಸಿದಳು. ಚಾರ್ಟಿನಲ್ಲಿ 'ನೀರು ಮಿತ' ಎಂದು ಬರೆದು, ಕೆಳಗೆ ಗೆರೆ ಎಳೆದು ಮನೆಗೆ ಹೋದೆ.

ಶುಕ್ರವಾರ, 17ನೇ ತಾರೀಕು, ಮೊದಲ ಬಸ್ಸು ಹಿಡಿದು 6.45ಕ್ಕೆ ವಾರ್ಡಿಗೆ ಬಂದೆ. ಜ್ವರ ಇಳಿದಿತ್ತು. ನರ್ಸ್ ಅದನ್ನು ಸಂತೋಷದಿಂದಲೇ ಹೇಳಿದರು. ಆದರೆ ಹಿಂದಿನ ದಿನ 84 ಇದ್ದ ನಾಡಿ ಈಗ 58. ಮೂತ್ರ 40 ಮಿಲಿ. ಕೈ ಎತ್ತಿ ನೋಡುವ ಎಂದೆ. ಅವರು ಪ್ರಯತ್ನಿಸಿದರು, ಬೆರಳು ಅಲುಗಿತು, ಕೈ ಏಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. 7.10ಕ್ಕೆ ನಾಡಿ 52. ಮೈ ತಣ್ಣಗೆ, ಮಾತು ನಿಧಾನ. ಯಾವುದೋ ಒಂದು ಅವರೊಳಗೆ ಒಂದೊಂದೇ ದೀಪ ಆರಿಸುತ್ತ ಹೋಗುತ್ತಿದೆ, ಅದು ಯಾವುದೆಂದು ನನಗೆ ತಿಳಿಯುತ್ತಿಲ್ಲ.

ಮೆಟ್ಟಿಲಿನ ತಿರುವಿನಲ್ಲಿ ಹಟ್ಟಿಯಂಗಡಿ ಸಿದ್ಧಿವಿನಾಯಕನ ಒಂದು ಪಟವಿದೆ. ಅದರ ಮುಂದೆ ನಿಂತೆ. ಮೊದಲು ಬೇಡಿಕೊಂಡದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನನ್ನ ಡ್ಯೂಟಿಯಲ್ಲಿ ಏನೂ ಆಗದಿರಲಿ ಎಂದೆ. ಹಾಗೆಂದ ಕೂಡಲೇ ಆ ಬೆಡ್ಡಿನಿಂದ ನನ್ನನ್ನು ನೋಡುತ್ತಿದ್ದ ಮುಖ ಕಣ್ಣೆದುರು ಬಂತು. ಆಮೇಲೆ, ತಂದೆ, ನನಗೆ ಕಾಣದ್ದನ್ನು ಕಾಣಿಸು ಎಂದೆ. ಅಷ್ಟೇ. ಹರಕೆ ಹೇಳಿಕೊಳ್ಳಲೂ ಪುರಸೊತ್ತಾಗಲಿಲ್ಲ.

ಹಿಂದಿನಿಂದ ಪೊರಕೆಯ ಸದ್ದು ನಿಂತಿತು. ವಾರ್ಡು ಗುಡಿಸುವ ಗುಲಾಬಿಯಕ್ಕ.

"ಹ್ವಾಯ್ ಡಾಕ್ಟ್ರಮ್ಮ, ಆ ಆರ್ನೇ ಬೆಡ್ಡಿನವ್ರಿಗೆ ಒಂಚೂರ್ ಹೇಳಿ ಮಾರ್ರೆ. ಕುಡ್ದ್ ಬಿಟ್ಟ್ ಬೊಂಡ ಎಲ್ಲ ಹಿಂದ್ಗಡೆ ಒಟ್ಟ್ ಹಾಕಿರ್. ಹೊತ್ತ್ ಹೊತ್ತ್ ನನ್ ಸೊಂಟ ಹೋಯ್ತ್. ಇದ್ ಆಸ್ಪತ್ರೆಯಾ, ಬೊಂಡದ್ ಅಂಗ್ಡಿಯಾ?"

ಹಿಂಬಾಗಿಲಿಗೆ ಓಡಿದೆ. ಗೋಡೆ ಪಕ್ಕ ರಾಶಿ ಬಿದ್ದಿತ್ತು. ಎಣಿಸಿದೆ. ಇಪ್ಪತ್ತಮೂರು. ಅಕ್ಕ ಆಗಲೇ ಒಂದು ಬುಟ್ಟಿ ಸಾಗಿಸಿದ್ದಳಂತೆ.

ಬೊಂಡದಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಸರಿಯಿದ್ದವರಿಗೆ ಅದು ಒಳ್ಳೆಯದೇ, ಬೇಡದ್ದು ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ನಿಂತವರಲ್ಲಿ ಅದು ರಕ್ತದಲ್ಲೇ ಉಳಿದು, ಕೊನೆಗೆ ಹೃದಯವನ್ನು ನಿಲ್ಲಿಸುತ್ತದೆ. ಪರೀಕ್ಷೆಯಲ್ಲಿ ನಾನಿದನ್ನು ಎರಡು ಪುಟ ಬರೆದಿದ್ದೆ.

ಸುಜಾತಳನ್ನು ಕೇಳಿದೆ. ಅವಳು ಗಾಬರಿಯಾದಳು.

"ನೀರ್ ಕಮ್ಮಿ ಮಾಡಿದ್ದೆ ಡಾಕ್ಟ್ರೇ, ಒಂದ್ ಲೋಟ ಜಾಸ್ತಿ ಕೊಡ್ಲಿಲ್ಲೆ. ಬೊಂಡ ಮಾತ್ರ ನೀವ್ ಹೇಳ್ದಂಗೆ ಬಿಡ್ಲಿಲ್ಲೆ. ಅದ್ ಮದ್ದ್ ಅಲ್ದಾ? ಮೈದ್ನ ದಿನಾ ಬಸ್ಸಂಗೆ ಚೀಲ ತುಂಬ ತತ್ತ."

ನೀರು ಬೇರೆ, ಬೊಂಡ ಬೇರೆ. ನಮ್ಮ ಮನೆಯಲ್ಲೂ ಹಾಗೆಯೇ. ನೀರು ಕಡಿಮೆ ಮಾಡಿ ಎಂದಾಗ ಬೊಂಡವೂ ಬೇಡ ಎಂದು ಹೇಳಬೇಕೆಂದು ನನಗೇ ಹೊಳೆದಿರಲಿಲ್ಲ. ಮೂರು ದಿನ ನಾನು ಹೊರಬಂದದ್ದನ್ನು ಮಿಲಿ ಮಿಲಿ ಅಳೆದೆ. ಒಳಗೆ ಹೋದದ್ದನ್ನು ಎಣಿಸಿದವಳು ಗುಲಾಬಿಯಕ್ಕ.

7.26ಕ್ಕೆ ಹಿರಿಯರಿಗೆ ಫೋನ್ ಮಾಡಿದೆ. ನಾಡಿ ಆಗ 44. ಮನೆಯವರು ಬೊಂಡ ಕೊಟ್ಟಿದ್ದಾರೆ ಸರ್ ಎಂದು ಶುರು ಮಾಡಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಬಾಗಿಲಲ್ಲಿ ಸುಜಾತ ನಿಂತಿದ್ದಳು. ನಾನೇ ಹೇಳಿದ್ದು ಸರ್ ಎಂದೆ.

ಅವರು ನೇರ ಕೆಲಸಕ್ಕಿಳಿದರು.

"ಇಸಿಜಿ ತೆಗಿ. ಕ್ಯಾಲ್ಸಿಯಂ ಲೋಡ್ ಮಾಡು. ಫೋನ್ ಇಡ್ಬೇಡ, ನಾನ್ ಹೇಳ್ತಾ ಹೋತೆ. ಅಳೂದ್ ಕಡಿಗೆ."

ಇಸಿಜಿ ಕಾಗದದಲ್ಲಿ ಗೆರೆಗಳು ಡೇರೆಗಳಂತೆ ಚೂಪಾಗಿ ಎದ್ದಿದ್ದವು. ಅವರು ಹೇಳಿದಂತೆ ಕ್ಯಾಲ್ಸಿಯಂ ನಿಧಾನಕ್ಕೆ ಕೊಟ್ಟೆ, ಬಳಿಕ ಗ್ಲೂಕೋಸಿನ ಜೊತೆ ಇನ್ಸುಲಿನ್. 7.41ಕ್ಕೆ ನಾಡಿ 60. ಡಯಾಲಿಸಿಸ್ ಇರುವ ದೊಡ್ಡ ಆಸ್ಪತ್ರೆಗೆ ಹೊರಟ ಆಂಬುಲೆನ್ಸಿನಲ್ಲಿ ನಾನೂ ಕುಳಿತೆ. ಚಾರ್ಟಿನಲ್ಲಿ 'ಬೊಂಡದ ಸಲಹೆ ನನ್ನದು' ಎಂದು ಸಹಿ ಹಾಕಿ ಕಳಿಸಲು ಹಿರಿಯರು ಹೇಳಿದ್ದರು. ಅಲ್ಲಿಯ ವೈದ್ಯರಿಗೆ ನಿಜ ಗೊತ್ತಿರಬೇಕು ಎಂದರು. ಬ್ರಹ್ಮಾವರ ದಾಟುವಾಗ ನಾಡಿ ಮತ್ತೆ 46ಕ್ಕೆ ಇಳಿಯಿತು. ಫೋನ್ ಕಿವಿಯಲ್ಲೇ ಇತ್ತು. ಎರಡನೇ ಸಲ ಕ್ಯಾಲ್ಸಿಯಂ ಕೊಡುವಾಗ ಗಾಡಿಯ ಕುಲುಕಾಟಕ್ಕೆ ಸೂಜಿ ಅಲುಗದಂತೆ ನನ್ನ ಮಣಿಕಟ್ಟು ಹಿಡಿದುಕೊಂಡವಳು ಸುಜಾತ. ನನ್ನ ಮಾತಿನಿಂದಲೇ ಹೀಗಾಯಿತೆಂದು ಅಷ್ಟರಲ್ಲಿ ಅವಳಿಗೆ ಹೇಳಿಯಾಗಿತ್ತು. 

ಮೂರು ಡಯಾಲಿಸಿಸ್ ಆಯಿತು. ಆಗಸ್ಟ್ 3ರಂದು ಚಂದ್ರಣ್ಣ ನಡೆದುಕೊಂಡೇ ಮನೆಗೆ ಹೋದರು. ಆ ವಾರದಿಂದ ಹಿರಿಯರು ದಿನಾ ನಾಲ್ಕು ಗಂಟೆಗೆ ಹೊಸ ವೈದ್ಯರನ್ನು ಕೂರಿಸಿ, ಇಂದು ಗೊತ್ತಾಗದ್ದು ಯಾವುದು ಎಂದು ಕೇಳತೊಡಗಿದರು. ಮೊದಲ ದಿನ ಮೊದಲು ಬಾಯಿ ಬಿಟ್ಟವಳು ನಾನು. 

ಗುಲಾಬಿಯಕ್ಕನ ಸೊಂಟ ನೋವು ದಿನವೂ ಇದ್ದದ್ದೇ. ಅವಳು ಅಂದೇ, ಆ ನಿಮಿಷವೇ ಅದನ್ನು ನನಗೆ ಹೇಳಿದ್ದು ಗಣಪತಿಯ ಕೃಪೆ ಎಂದೇ ನಾನು ನಂಬಿದ್ದೇನೆ. ಕಾಣಿಸು ಎಂದೆ, ಕಾಣಿಸಿದ. ಹಟ್ಟಿಯಂಗಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದೆ. ಆದರೆ ಈ ಪತ್ರಿಕೆ ಓದುವ ಭಕ್ತ ಬಂಧುಗಳೇ, ಅವನು ಕಾಣಿಸುವುದು ನಾವು ಕೇಳಿದಷ್ಟನ್ನೇ ಅಲ್ಲ. ದೇವಸ್ಥಾನದಿಂದ ಬಂದ ಸಂಜೆ ದಿನಚರಿ ತಿರುವಿ ಹಾಕಿದೆ. ಜೂನ್ ಒಂದರಿಂದ, ಚಂದ್ರಣ್ಣನಿಗೆ ಮೊದಲು, ನಾನು ಬೊಂಡ ಕುಡಿಸಿ ಎಂದದ್ದು ಹನ್ನೊಂದು ಮಂದಿಗೆ. ಯಾರ ಕಿಡ್ನಿಯನ್ನೂ ಪರೀಕ್ಷಿಸಿರಲಿಲ್ಲ. ಒಬ್ಬೊಬ್ಬರನ್ನೇ ಹುಡುಕಿ ವಿಚಾರಿಸಿದೆ. ಹತ್ತು ಮಂದಿ ಚೆನ್ನಾಗಿದ್ದಾರೆ.

ಉಳಿದವರು ಒಬ್ಬರು. ಜುಲೈ 2, ಗುರುವಾರ, 11.20ಕ್ಕೆ ಬಂದಿದ್ದ, ಎಪ್ಪತ್ತರ ಹತ್ತಿರದ ಎತ್ತರದ ಅಜ್ಜ. ಜ್ವರ, ಎರಡೂ ಪಾದ ಸ್ವಲ್ಪ ಊದಿತ್ತು, ನಡೆದು ಬಂದದ್ದಕ್ಕೆ ಎಂದುಕೊಂಡೆ. ಕಿಡ್ನಿ ಸೋತರೂ ಪಾದ ಊದುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಜೊತೆಗೆ ಮಗಳಿದ್ದಳು. ಚೀಟಿಯಲ್ಲಿ ಸುಬ್ಬಣ್ಣ, ಬೈಂದೂರು ಎಂದಷ್ಟೇ ಇದೆ. ಎರಡು ಭಾನುವಾರ ಬೈಂದೂರಿಗೆ ಹೋಗಿ ಕೇಳಿದೆ, ಸಿಗಲಿಲ್ಲ. ಆ ಮಗಳು ಹೋಗುವಾಗ ದಿನಕ್ಕೆ ಎಷ್ಟು ಬೊಂಡ ಎಂದು ಕೇಳಿದ್ದಳು. ಎಷ್ಟಾದರೂ ಆದೀತು ಎಂದಿದ್ದೆ.

ಆ ಅಜ್ಜ ಹೇಗಿದ್ದಾರೆಂದು ತಿಳಿದವರು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಸುದ್ದಿ ಒಳ್ಳೆಯದಲ್ಲದಿದ್ದರೂ ಬರೆಯಿರಿ.