ಡಿಸ್ಕ್ ಕಾಣದಾಗ ಬರುವ ಚಿಕ್ಕಪ್ಪ

ನಮ್ಮ ಬಳಗದಲ್ಲಿ ಯಾರೇ ಹೊಸದಾಗಿ ಕಂಪ್ಯೂಟರ್ ಜೋಡಿಸಲಿ, ಒಳಗೆ ಹಾಕಿದ ಭಾಗ ಪರದೆಯಲ್ಲಿ ಕಾಣದಿದ್ದರೆ ಕರೆ ಹೋಗುವುದು ಚಿಕ್ಕಪ್ಪನಿಗೆ. ಅವರು ಮೊದಲು ಪ್ಲಗ್ ಕಿತ್ತು, ನಾಡಿ ನೋಡುವವರಂತೆ ಕಣ್ಣು ಮುಚ್ಚಿ, "ಕೊನೆಗೆ ಮುಟ್ಟಿದ್ದು ಏನನ್ನ?" ಎನ್ನುತ್ತಾರೆ. ಡಿಸ್ಕ್ ಸತ್ತಿದೆ ಎಂದರೆ ಅವರಿಗೆ ಸಿಟ್ಟು: "ಸತ್ತಿಲ್ಲ, ಮುನಿಸ್ಕೊಂಡಿದೆ." ಮೊನ್ನೆ ಅಕ್ಕ ತಾನೇ ಜೋಡಿಸಿದ ಕಂಪ್ಯೂಟರಿನಲ್ಲಿ ಡಿಸ್ಕ್ ಕಾಣದೆ, "ನಿನಗ್ಯಾಕೆ ಬೇಕಿತ್ತು ಈ ಉಸಾಬರಿ?" ಎಂಬ ಅಮ್ಮನ ಮಾತಿಗೆ ಮುಖ ಸಣ್ಣದು ಮಾಡಿಕೊಂಡಿದ್ದಳು. ಚಿಕ್ಕಪ್ಪ ಒಳಗೆ ಟಾರ್ಚ್ ಬಿಟ್ಟರು. ಸಡಿಲವಾಗಿದ್ದ ಕೇಬಲ್ ನನಗೇ ಕಂಡಿತು. ಅವರು ಮಾತ್ರ ಕನ್ನಡಕ ಒರೆಸುತ್ತಾ ಅಕ್ಕನಿಗೆ, "ನನಗೇನೂ ಕಾಣ್ತಿಲ್ಲ ಮಗಳೇ, ನೀನೇ ಕೇಬಲ್‌ಗಳನ್ನ ಒಂದೊಂದಾಗಿ ಒತ್ತಿ ನೋಡು" ಎಂದರು. ಅಕ್ಕ ಒತ್ತುತ್ತಾ ಹೋದಂತೆ ಒಂದು ಕೇಬಲ್ ಟಕ್ಕೆಂದು ಕೂತಿತು. ಮತ್ತೆ ಆನ್ ಮಾಡಿದಾಗ ಡಿಸ್ಕಿನ ಹೆಸರು ಪರದೆಗೆ ಬಂತು. "ಸಿಕ್ತು!" ಎಂದು ಅಕ್ಕ ಕುಣಿದಳು. ಚಿಕ್ಕಪ್ಪ ಅಮ್ಮನ ಕಡೆ ತಿರುಗಿ, "ನೋಡಿದ್ರಾ ಅತ್ತಿಗೆ, ನನ್ನ ಕೈಲಾಗ್ಲಿಲ್ಲ, ಇವಳೇ ಹಿಡಿದ್ಲು" ಎಂದರು.