ಉಂಡಿ ಕಟ್ಟಿದ ಬೆರಳು

ಜಗತ್ತಿನಲ್ಲಿ ಎಲ್ಲರೂ ಊಟವಾದ ಮೇಲೆ ಕೈಯನ್ನು ಚೆನ್ನಾಗಿ ತೊಳೆಯುತ್ತಾರೆ, ಊಟಕ್ಕೆ ಮೊದಲು ತೊಳೆದಂತೆ ಮಾಡುತ್ತಾರೆ. ನಾನು ಮಾತ್ರ ಊಟಕ್ಕೆ ಮೊದಲೇ ಸಾಬೂನು ಹಚ್ಚಿ ತಿಕ್ಕಿ, ಒಣ ಬಟ್ಟೆಯಲ್ಲಿ ಒಂದೊಂದೇ ಬೆರಳನ್ನು ಒರೆಸಿಕೊಳ್ಳುತ್ತೇನೆ. ಮಕ್ಕಳೇ, ಅಜ್ಜಿಗೆ ಮಡಿ ಹೆಚ್ಚಾಯಿತೆಂದು ನೀವು ನಗುತ್ತೀರಿ. ಅದು ಮಡಿಯಲ್ಲ.

ನಿಮ್ಮ ಅಜ್ಜನಿಗೂ ನನ್ನಂತೆಯೇ ಸಕ್ಕರೆ ಕಾಯಿಲೆ ಇತ್ತು. ಆಗ ಮೂತ್ರವನ್ನು ನೀಲಿ ದ್ರಾವಣದಲ್ಲಿ ಕಾಯಿಸಿ ಬಣ್ಣ ನೋಡುತ್ತಿದ್ದರು. ಸಕ್ಕರೆ ಹೆಚ್ಚಾಗಿ ಇಟ್ಟಂಗಿಯ ಕೆಂಪು ಬಣ್ಣ ಬಂದರೆ, "ಬೆಳಕ ಸರಿ ಇಲ್ಲ, ಕಿಟಕಿ ತಗಿ" ಎಂದು ಅವರು ಜಗಳ ತೆಗೆಯುತ್ತಿದ್ದರು. ಬಣ್ಣದ ಜೊತೆ ವಾದಿಸಬಹುದು, ಅಂಕಿಯ ಜೊತೆ ಆಗದು. ಅವರು ಹೋದ ಮೇಲೆ ಕಾಯಿಲೆ ನನ್ನ ಪಾಲಿಗೆ ಬಂತು. ನಮ್ಮ ಕಡೆಯ ಬೇಲೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನಿಮ್ಮಪ್ಪ ನನಗೆಂದು ಅಂಗೈಯಗಲದ ಯಂತ್ರವೊಂದನ್ನು ತಂದ. ಅದರ ಪಟ್ಟಿಯ ತುದಿಗೆ ಔಷಧ ಸವರಿರುತ್ತದೆ. ಚುಚ್ಚಿದ ಬೆರಳಿನ ಹನಿ ತಾಗಿದೊಡನೆ ಪಟ್ಟಿ ರಕ್ತವನ್ನು ಹೀರುತ್ತದೆ. ಔಷಧವೂ ಸಕ್ಕರೆಯೂ ಕೂಡಿ ಇರುವೆಯಷ್ಟು ವಿದ್ಯುತ್ತು ಹುಟ್ಟುತ್ತದೆ. ಯಂತ್ರ ಅದನ್ನಳೆದು ಅಂಕಿ ತೋರಿಸುತ್ತದೆ. ಅದಕ್ಕೆ ಹನಿಯೊಂದೇ ಗೊತ್ತು, ಹನಿಯ ಹಿಂದಿನ ಮನುಷ್ಯರು ಗೊತ್ತಿಲ್ಲ.

ಆ ವರ್ಷದ ನಾಗರ ಪಂಚಮಿಗೆ ಬೈರಿದೇವರಕೊಪ್ಪದ ಮನೆಯಲ್ಲಿ ಶೇಂಗಾ ಉಂಡಿ ಕಟ್ಟುತ್ತ ಕುಳಿತಿದ್ದೆ. ತಿನ್ನಲು ಅಪ್ಪಣೆಯಿಲ್ಲದಿದ್ದರೂ ಬೆಲ್ಲದ ಪಾಕದ ಹದ ತಿಳಿದವಳು ಮನೆಯಲ್ಲಿ ನಾನೊಬ್ಬಳೇ. ಪಾಕ ಆರಿದರೆ ಉಂಡಿ ನಿಲ್ಲುವುದಿಲ್ಲ, ನಡುವೆ ಏಳುವಂತಿಲ್ಲ. ನಿಮ್ಮಪ್ಪನಿಗೆ ಕೆಲಸಕ್ಕೆ ಹೊತ್ತಾಗಿತ್ತು. ಯಂತ್ರ ಹಿಡಿದು ಒಲೆಯ ಬಳಿಯೇ ಬಂದ. ನಾನು ಸೆರಗಿಗೆ ಕೈ ಒರೆಸಿ ಬೆರಳು ಚಾಚಿದೆ.

ಅಂಕಿ ಕಂಡು ಅವನ ಮುಖ ಬದಲಾಯಿತು.

"ಯವ್ವಾ, ಖರೇ ಹೇಳು, ಎಷ್ಟ ಉಂಡಿ ತಿಂದಿ?"

"ಒಂದೂ ತಿಂದಿಲ್ಲಪ್ಪಾ."

"ಕಟ್ಟೂ ಮುಂದ ಒಂದೀಟು ಬಾಯಿಗೆ ಹೋಗತೈತಿ ಬಿಡ್ರಿ, ಅತ್ತಿಗೂ ಆಸೆ ಇರೂದಿಲ್ಲೇನು" ಎಂದು ನಿಮ್ಮವ್ವ ನನ್ನ ಪರ ವಹಿಸಿದಳು. ಆ ಪರವೇ ಹೆಚ್ಚು ಚುಚ್ಚಿತು. ಹಳ್ಳಿಯ ಸಾಲಿಯಲ್ಲಿ ಮಾಸ್ತರರು ತಪ್ಪೆಂದರೆ ತಪ್ಪೆಂದು ಕಲಿತವಳು ನಾನು, ಮತ್ತೆ ಪಾಕದ ಕಡೆ ತಿರುಗಿದೆ. ಅವನು ದಿನವೂ ಕೊಡುವ ಇನ್ಸುಲಿನ್ನನ್ನು ಸಿರಿಂಜಿನಲ್ಲಿ ಕೆಲವು ಗೆರೆ ಹೆಚ್ಚಿಗೆ ಏರಿಸಿ ಚುಚ್ಚಿ ಹೋದ. ಅವಮಾನಕ್ಕೆ ನಾನು ಅರ್ಧ ರೊಟ್ಟಿಯನ್ನೂ ತಿನ್ನದೆ ತಟ್ಟೆ ಸರಿಸಿದೆ.

ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಕಣ್ಣು ಮಬ್ಬಾಗಿ ಗೋಡೆಗೊರಗಿದೆ. ನಿಮ್ಮವ್ವ ಓಡಿಬಂದು ಸಕ್ಕರೆ ನೀರು ಕುಡಿಸಿದಳು; ಕಣ್ಣು ಬಿಟ್ಟ ಮೇಲೆ ಉಂಡಿ ಮುರಿದು, "ತಿನ್ರಿ ಅತ್ತಿ, ಲಗೂ ತಿನ್ರಿ" ಎಂದು ಬಾಯಿಗಿಟ್ಟಳು. ಆ ಹಬ್ಬದ ಉಂಡಿ ನನ್ನ ಬಾಯಿಗೆ ಮೊದಲ ಸಲ ಬಿದ್ದದ್ದು ಆಗ. ಜೀವ ಉಳಿಯಿತು, ತಿಂದಿಲ್ಲವೆಂದ ನನ್ನ ಮಾತು ಉಳಿಯಲಿಲ್ಲ: ಮರುದಿನ ಸ್ನಾನವಾದ ಮೇಲೆ ಅಂಕಿ ಸರಿಯಾಗಿ ಬಂದಾಗ, ಬೈದದ್ದು ನಾಟಿದೆ ಎಂದು ನಿಮ್ಮಪ್ಪ ಸಮಾಧಾನಪಟ್ಟ.

ವಾರ ಕಳೆದು ರಾಯಾಪುರದ ಡಾಕ್ಟರ ಬಳಿ ಹೋದೆವು. ನಡೆದದ್ದನ್ನೆಲ್ಲ ಕೇಳಿ ಅವರು ನಿಮ್ಮಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಅಜ್ಜಿ, ಚುಚ್ಚೂಕಿಂತ ಮೊದಲ ಕೈ ತೊಳ್ಕೊಂಡಿದ್ರೇನ್ರಿ?"

ಉಂಡಿ ಕಟ್ಟುತ್ತಿದ್ದೆ, ಸೆರಗಿಗೆ ಒರೆಸಿಕೊಂಡೆ ಎಂದೆ. ಬೆರಳಿಗಂಟಿದ ಬೆಲ್ಲ ಹನಿಯಲ್ಲಿ ಸೇರಿತ್ತು. ಯಂತ್ರ ಅದನ್ನೂ ಲೆಕ್ಕಕ್ಕೆ ಹಿಡಿದಿತ್ತು. ಅನುಮಾನ ಬಂದರೆ ಕೈ ತೊಳೆದು ಮತ್ತೊಮ್ಮೆ ನೋಡಬೇಕು, ತಾವೇ ಔಷಧ ಏರಿಸಬಾರದು ಎಂದು ಅವರು ಬಿಡಿಸಿ ಹೇಳಿದರು. ನಾನು ನಿಮ್ಮಪ್ಪನ ಮುಖ ನೋಡಿದೆ. ಅವನು ನಿಟ್ಟುಸಿರು ಬಿಟ್ಟು, "ಹಂಗಾರ ಮಷೀನ್ ಏನೂ ಕೆಟ್ಟಿಲ್ಲ ಅನ್ರಿ" ಎಂದ.

ಯಂತ್ರದ ಮೇಲಿನ ಅಪವಾದ ಅಂದೇ ಕಳೆಯಿತು.

ಈಗಲೂ ಯಂತ್ರ ಹೊರಬಂದಾಗ ಬಂದವರ ಎದುರಿಗೇ ನಿಮ್ಮವ್ವ ಕೇಳುತ್ತಾಳೆ, "ಅತ್ತಿ, ಕೈ ತೊಳ್ಕೊಂಡೀರಿಲ್ಲೋ?" ಮೊದಲು ತಿಂದಿರೇನು ಎಂದು ಕೇಳುತ್ತಿದ್ದಳು. ಪ್ರಶ್ನೆ ಬದಲಾಗಿದೆ, ನೋಟ ಬದಲಾಗಿಲ್ಲ. ನಾನು ತೊಳೆದು ಒರೆಸಿದ ಬೆರಳನ್ನು ಚಾಚುತ್ತೇನೆ. ನನ್ನ ಪರವಾಗಿ ಅದೇ ಮಾತಾಡಲಿ.