ಬಸಂತರಾಯರ ಎಂಟು ಸ್ವರದ ಪೆಟ್ಟಿಗೆ

ಸಿಂದಗಿಯ ಬಸ್‌ಸ್ಟ್ಯಾಂಡಿನ ಎದುರು ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಬಸಂತರಾಯರಿಗೆ ರೇಡಿಯೊ ರಿಪೇರಿ ಮಾಡುವುದೆಂದರೆ ಆಗಿಬರುತ್ತಿರಲಿಲ್ಲ. ಅದು ತಮ್ಮ ಘನತೆಗೆ ತಕ್ಕ ಕೆಲಸವಲ್ಲ ಎಂಬುದು ಅವರ ನಂಬಿಕೆ. ದೇವಣಗಾಂವದಲ್ಲಿ ಹೊಲವಿತ್ತು, ಹೊಲ ನೋಡಿಕೊಳ್ಳಲು ಅಣ್ಣಂದಿರಿದ್ದರು. ಹೀಗಾಗಿ ಸಂಶೋಧನೆಗೆ ಬೇಕಾದ ಪುರಸೊತ್ತು ಧಾರಾಳವಾಗಿ ಒದಗಿತ್ತು. ಊರವರ ರೇಡಿಯೊಗಳು ಕಪಾಟಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತಿದ್ದವು. ಕೇಳಲು ಬಂದವರಿಗೆ, "ಸಾಮಾನು ಸೊಲ್ಲಾಪುರದಿಂದ ಬರಬೇಕ್ರಿ" ಎನ್ನುತ್ತಿದ್ದರು. ಸೊಲ್ಲಾಪುರಕ್ಕೆ ಅದು ಗೊತ್ತಿರಲಿಲ್ಲ, ಅಷ್ಟೆ.

ಎಪ್ಪತ್ತೇಳರಲ್ಲಿ, ತುರ್ತುಪರಿಸ್ಥಿತಿ ಮುಗಿದು ದೇಶದ ಎಲ್ಲರಿಗೂ ಬಾಯಿ ಬಂದಾಗ, ಒಂದು ಪೆಟ್ಟಿಗೆಗೂ ಬಾಯಿ ಕೊಡಬೇಕೆಂದು ರಾಯರಿಗೆ ಅನಿಸಿತು. ಪರದೇಶದ ಮಾಸಿಕವೊಂದರಲ್ಲಿ ಅಂಥದ್ದರ ನಕ್ಷೆ ಕಂಡಿದ್ದರು. ಎಂಟು ಬಿರಡೆ ತಿರುವಿ ಎಂಟು ಸ್ವರ ಹೊಂದಿಸಿಟ್ಟರೆ, ಪೆಟ್ಟಿಗೆ ತಾನಾಗಿಯೇ ಒಂದಾದ ಮೇಲೊಂದು ನುಡಿಸುತ್ತದೆ. ಊರಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಮಾಲೀಕ ಪರಮಾನಂದನಿಗೆ ಆಗಲೇ ಮಾತು ಕೊಟ್ಟುಬಿಟ್ಟರು: "ಇನ್ನ ನಿಮಗ ಪೇಟಿ ಮಾಸ್ತರ ಬ್ಯಾಡ್ರಿ. ಕರೆಂಟ ಸಂಗೀತ ಮಾಡತೈತಿ." ಇಪ್ಪತ್ತು ವರ್ಷದಿಂದ ಕಂಪನಿಯ ಹಾರ್ಮೋನಿಯಂ ನುಡಿಸುತ್ತಿದ್ದ ಮೋದಿನಸಾಬ ಪಕ್ಕದಲ್ಲೇ ಕೂತು ಎಲೆ ಹಾಕಿಕೊಳ್ಳುತ್ತಿದ್ದ. ಇನ್ನೊಂದು ಎಲೆಗೆ ಸುಣ್ಣ ಹಚ್ಚಿದ.

ಪೆಟ್ಟಿಗೆ ಸಿದ್ಧವಾಯಿತು. ಕಂಪನಿಯವರನ್ನೆಲ್ಲ ಅಂಗಡಿಗೆ ಕರೆದು ರಾಯರು ಸ್ವಿಚ್ ಒತ್ತಿದರು. "ಠಣ್" ಎಂದು ಮೊದಲ ಸ್ವರ ಬಲು ಚೆಂದವಾಗಿ ಎದ್ದಿತು, ಇಳಿಯಿತು, ಸತ್ತಿತು. ಆಮೇಲೆ ಎಂಟೂ ಕೆಂಪು ದೀಪಗಳು ಸಾಲಾಗಿ ಓಡಾಡಿದವೇ ಹೊರತು ಪೆಟ್ಟಿಗೆ ತುಟಿ ಬಿಚ್ಚಲಿಲ್ಲ.

"ಒಂದ ಸ್ವರದ ನಾಟಕ ನಾವು ಇನ್ನೂ ಬರಸಿಲ್ರಿ" ಎಂದ ಪರಮಾನಂದ.

ಸೋತೆನೆಂದು ಒಪ್ಪುವ ಜಾಯಮಾನ ರಾಯರದಲ್ಲ. ಮೊದಲು ಸ್ಪೀಕರನ್ನು ಬೈದರು, ಬದಲಿಸಿದರು. ಆಮೇಲೆ ಸಿಂದಗಿಯ ಕರೆಂಟನ್ನು ಬೈದರು. ಅದನ್ನು ಬದಲಿಸಲು ಬರಲಿಲ್ಲ. ಪೆಟ್ಟಿಗೆ ಹೊತ್ತು ಮನೆಗೆ ಬಂದು ಹೆಂಡತಿ ಸಿದ್ದವ್ವನಿಗೆ ವಿವರಿಸಿದರು: ಹೊಲಕ್ಕೆ ನೀರು ಬಿಡುವಂತೆ ಒಳಗೊಂದು ಗೇಟು ತೆರೆಯುತ್ತದೆ, ತೆರೆದಾಗ ಸ್ವರ ಏರಿ ಇಳಿಯಬೇಕು, ಆ ಏರಿಳಿತಕ್ಕೆ ಎನ್ವೆಲಪ್ ಎನ್ನುತ್ತಾರೆ, ಅಂದರೆ ಪಾಕೀಟು.

"ಪಾಕೀಟ ಕೆಟ್ಟಿದ್ರ ಪೋಸ್ಟಿನ್ಯಾಗ ಹೊಸಾದು ಸಿಗತಾವಲ್ಲ?" ಎಂದಳು ಸಿದ್ದವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಒಂದು ವಿಚಿತ್ರ ಮಾತ್ರ ರಾಯರ ಕಣ್ಣಿಗೆ ಬಿತ್ತು. ನಡುವಿನ ಒಂದು ಸ್ವರವನ್ನು ಬಂದ್ ಮಾಡಿದರೆ ಅದರ ಮುಂದಿನದು "ಠಣ್" ಎನ್ನುತ್ತಿತ್ತು. ಎಂಟೂ ಚಾಲೂ ಇದ್ದರೆ ಮೌನ. ಕೆಲಸ ಹೆಚ್ಚಾದರೆ ಸುಮ್ಮನಾಗುವ ಈ ಗುಣ ಸರ್ಕಾರಿ ಕಚೇರಿಯಲ್ಲಿ ಸಹಜ, ತಮ್ಮ ಪೆಟ್ಟಿಗೆಗೆ ಎಲ್ಲಿಂದ ಬಂತೆಂದು ರಾಯರಿಗೆ ತಿಳಿಯಲಿಲ್ಲ.

ಆ ಸಂಜೆ ಮೋದಿನಸಾಬ ಸಂತಾಪ ಹೇಳಲು ಮನೆಗೆ ಬಂದ. ಅವನ ಮುಖದಲ್ಲಿ ಸಂತಾಪಕ್ಕಿಂತ ಸಂತೋಷವೇ ಹೆಚ್ಚು ಎದ್ದು ಕಾಣುತ್ತಿತ್ತು. ರಾಯರು ಬಾಗಿಲಿಗೆ ತಾವೇ ಮಾಡಿದ ಕರೆಂಟಿನ ಗಂಟೆ ಕೂಡಿಸಿದ್ದರು. ಗುಂಡಿ ಒತ್ತಿದರೆ ಒಳಗಿನ ಸುತ್ತಿಗೆ ಹಿತ್ತಾಳೆ ತಟ್ಟೆಗೆ ಬಡಿಯುತ್ತಿತ್ತು. ಮೋದಿನಸಾಬ ಗುಂಡಿ ಒತ್ತಿ ಹಿಡಿದೇ ನಿಂತ. ಒಮ್ಮೆ ಬಡಿದ ಗಂಟೆ ಮತ್ತೆ ಸದ್ದು ಮಾಡಲಿಲ್ಲ.

"ರಾಯರ, ಇದೂ ಒಂದ ಸ್ವರದ್ದ ಏನ್ರಿ?" ಎಂದು ಹೊರಗಿನಿಂದ ಕೂಗಿದ.

"ಬೆರಳ ಎತ್ತೋ ಮಾರಾಯಾ! ಎತ್ತದ ಇದ್ರ ಎರಡನೇದು ಹ್ಯಾಂಗ ಬಡೀಬೇಕು?" ಎಂದು ಬೈದ ರಾಯರು, ಬೈದ ಬಾಯಿ ತೆರೆದಂತೆಯೇ ನಿಂತುಬಿಟ್ಟರು. ಪೆಟ್ಟಿಗೆಯಲ್ಲಿ ಒಂದು ಸ್ವರದ ಗೇಟು ಮುಚ್ಚುವ ಮೊದಲೇ ಇನ್ನೊಂದರದ್ದು ತೆರೆಯುತ್ತಿತ್ತು. ನಡುವೆ ಬೆರಳು ಎತ್ತುವವರೇ ಇಲ್ಲ! ಸ್ವರ ಬದಲಾಗುತ್ತಿದ್ದರೂ ಹೊಸದಾಗಿ ಬಡಿಯುತ್ತಿರಲಿಲ್ಲ.

ಬಾಗಿಲು ತೆರೆಯುವುದನ್ನೂ ಮರೆತು ರಾಯರು ಬೆಸುಗೆ ಕಡ್ಡಿ ಕಾಯಿಸಿದರು. ಪ್ರತಿ ಹೆಜ್ಜೆಯ ಕೊನೆಗೆ ಗೇಟು ಅರೆಗಳಿಗೆ ಮುಚ್ಚುವಂತೆ ಒಂದು ಟ್ರಾನ್ಸಿಸ್ಟರ್ ಕೂಡಿಸಿದರು. ಈಗ ಎಂಟೂ ಬಡಿದವು, ಆದರೆ ಟೊಕ್ ಟೊಕ್ ಎಂದು, ಬಡಿಗ ಮೊಳೆ ಹೊಡೆದಂತೆ. ಸ್ವರ ಬೇಗ ಇಳಿಯುತ್ತಿದೆಯೆಂದು ದೊಡ್ಡ ಕೆಪ್ಯಾಸಿಟರ್ ಹಾಕಿದರು. ಆಗ ಎಂಟು ಸ್ವರಗಳೂ ಬಿಡಿಬಿಡಿಯಾಗಿ, ದುಂಡಗೆ ಎದ್ದು ಇಳಿದವು. ರಾಯರ ಕಣ್ಣಲ್ಲಿ ನೀರು ಬಂತು. ಬೆಸುಗೆಯ ಹೊಗೆಯೆಂದು ಹೆಂಡತಿಗೆ ಹೇಳಿದರು.

ಕಂಪನಿ ಬಸವನ ಬಾಗೇವಾಡಿಗೆ ಹೋದಾಗ ಪೆಟ್ಟಿಗೆ ರಂಗಕ್ಕೇರಿತು. ರಾಜನ ಪಾತ್ರಧಾರಿ ಸತ್ತ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಸ್ವರ ಎಳೆದ. ಹಾರ್ಮೋನಿಯಂ ಆಗಿದ್ದರೆ ಕಾಯುತ್ತಿತ್ತು. ಪೆಟ್ಟಿಗೆ ಯಾರಿಗಾಗಿಯೂ ಕಾಯಲಿಲ್ಲ. ರಾಜ ಒಂದು ಸಲ ಅಳುವಷ್ಟರಲ್ಲಿ ಅದು ಲವಲವಿಕೆಯಿಂದ ನಾಲ್ಕು ಸುತ್ತು ಹೊಡೆದು ಬಂತು. ಜನ ಬಿದ್ದು ಬಿದ್ದು ನಕ್ಕರು. ಸತ್ತ ಮಗನೂ ನಕ್ಕ. ಪರಮಾನಂದ ವೈರು ಕಿತ್ತ, ಮೋದಿನಸಾಬ ಎಲೆ ಉಗುಳಿ ಪೇಟಿ ತೆರೆದ.

ಮರುದಿನ ಪೆಟ್ಟಿಗೆಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ರಾಯರು ಬಸ್ಸಿನಲ್ಲಿ ಹಿಂದಿರುಗಿದರು. ನಾಟಕ ನೋಡಲು ಬಂದಿದ್ದ ಸಿದ್ದವ್ವನೂ ಜೊತೆಗಿದ್ದಳು.

"ಏನ ಆಗಲಿ, ಎಂಟೂ ಸ್ವರ ಬ್ಯಾರೆ ಬ್ಯಾರೆ ಕೇಳಿದ್ವು, ಹೌದಿಲ್ಲೋ?" ಎಂದರು.

"ಕೇಳಿದ್ವು," ಎಂದಳು ಸಿದ್ದವ್ವ, ಕಿಟಕಿಯಾಚೆ ನೋಡುತ್ತ. "ಭಾಳ ಸಲ ಕೇಳಿದ್ವು."